ಟೆಂಟ್ ಎಲ್ಲಿ ಹಾಕೋಣ, ಯಾವ ಫ್ಯಾಕ್ಟರಿ ನೋಡೋಣ?

ಪ್ರಶ್ನೆ: ನಾವು ಕಲಬುರಗಿಯವರು. ಮಗಳು ಎಂಟನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಬೇಸಿಗೆ ರಜೆಯಲ್ಲಿ ಟೆಂಟ್ ತೆಗೆದುಕೊಂಡು ನಾಲ್ಕು ದಿನ ನಮ್ಮ ಜಿಲ್ಲೆ, ಬೀದರ್, ಸಾಧ್ಯವಾದರೆ ಯಾದಗಿರಿ ಸುತ್ತಬೇಕು ಅಂತಿದ್ದೇವೆ. ಗುಡಿ, ಕೋಟೆ ಎಲ್ಲ ನೋಡಿದ್ದಾಗಿದೆ. ಈ ಸಲ ಸಿಮೆಂಟ್ ಫ್ಯಾಕ್ಟರಿ, ಸಕ್ಕರೆ ಕಾರ್ಖಾನೆ, ದಾಲ್ ಮಿಲ್ ತೋರಿಸಬೇಕು ಅನ್ನೋ ಆಸೆ. ಸುಮ್ನೆ ಗೇಟಿಗೆ ಹೋಗಿ ಕೇಳಿದರೆ ಬಿಡ್ತಾರಾ? ಟೆಂಟ್ ಎಲ್ಲಿ ಹಾಕಬಹುದು? ನಮ್ಮ ಹತ್ತಿರ ಚಿಕ್ಕ ಡ್ರೋನ್ ಇದೆ, ತರಬಹುದಾ?

ಉತ್ತರ: ಮೊದಲು ಬೇಸಿಗೆ ರಜೆಯನ್ನು ತಲೆಯಿಂದ ತೆಗೆಯಿರಿ. ಏಪ್ರಿಲ್ ಕೊನೆಗೆ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುವುದು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಎಂಟಕ್ಕೇ ಟೆಂಟಿನೊಳಗೆ ಕೂರಲಾಗುವುದಿಲ್ಲ. ಅದನ್ನು ಹೇಗೋ ತಡೆದುಕೊಂಡರೂ ಫ್ಯಾಕ್ಟರಿಗಳು ನಿಮಗಾಗಿ ಕಾಯುವುದಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು ಅಕ್ಟೋಬರ್-ನವೆಂಬರ್‌ನಲ್ಲಿ ಶುರುವಾಗಿ ಮಾರ್ಚ್ ಹೊತ್ತಿಗೆ ಬಹುಪಾಲು ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಹೋದರೆ ನಿಂತ ಯಂತ್ರಕ್ಕೆ ಗ್ರೀಸ್ ಹಚ್ಚುವುದನ್ನು ನೋಡಿ ಬರುತ್ತೀರಿ. ದಸರಾ ರಜೆಯೂ ಅಷ್ಟಕ್ಕಷ್ಟೇ. ಆಗ ತೊಗರಿ ಇನ್ನೂ ಹೊಲದಲ್ಲಿ ಹಸಿರಾಗಿ ನಿಂತಿರುತ್ತದೆ, ಮಳೆ ಬಂದರೆ ಎರಿ (ಕಪ್ಪು) ಮಣ್ಣಿನಲ್ಲಿ ಕಾರು ಹೂತುಕೊಳ್ಳುತ್ತದೆ.

ಡಿಸೆಂಬರ್ ಕೊನೆಯಿಂದ ಜನವರಿ ಕೊನೆಯವರೆಗೆ ಹೋಗಿ. ತೊಗರಿ ರಾಶಿ ನಡೆಯುತ್ತಿರುತ್ತದೆ, ಗಂಜಿಗೆ, ಅಂದರೆ ಎಪಿಎಂಸಿ ಮಾರುಕಟ್ಟೆಗೆ, ಹೊಸ ಮಾಲು ಬರುತ್ತಿರುತ್ತದೆ, ದಾಲ್ ಮಿಲ್ ಗಡಗಡ ಓಡುತ್ತಿರುತ್ತವೆ, ಕಬ್ಬಿನ ಟ್ರ್ಯಾಕ್ಟರ್‌ಗಳು ರಸ್ತೆ ತುಂಬ ಇರುತ್ತವೆ. ಬಿಳಿಜೋಳ ತೆನೆ ಬಿಡುವ ಕಾಲ. ರಾತ್ರಿ ಟೆಂಟಿನಲ್ಲಿ ಹಾಯಾಗಿ ಮಲಗಬಹುದು. ಬೀದರ್ ಕಡೆ ಮಾತ್ರ ಕಂಬಳಿ ಜಾಸ್ತಿ ಇರಲಿ, ಅಲ್ಲಿ ಚಳಿಗಾಲದ ರಾತ್ರಿ 10 ಡಿಗ್ರಿ ಆಸುಪಾಸಿಗೆ ಇಳಿಯುವುದುಂಟು. ಸಂಕ್ರಾಂತಿ ರಜೆಗೆ ಹಿಂದೆ ಮುಂದೆ ಎರಡು ದಿನ ಸೇರಿಸಿಕೊಂಡರೆ ನಿಮ್ಮ ನಾಲ್ಕು ದಿನ ಸಿಕ್ಕಿತು. ಶಾಲೆಯ ಮೇಷ್ಟ್ರಿಗೆ ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಮೊದಲೇ ಹೇಳಿಬಿಡಿ. ರಜೆ ಕೊಡಲು ಅವರೂ ಜಾಸ್ತಿ ತಕರಾರು ಮಾಡಲಿಕ್ಕಿಲ್ಲ.

ಒಂದು ದಿನ ಮಾತ್ರ ತಪ್ಪಿಸಿ: ಎಳ್ಳ ಅಮವಾಸ್ಯೆ. ಆ ದಿನ ಮಾಲೀಕರೂ ಹಮಾಲರೂ ಎಲ್ಲರೂ ಹೊಲದಲ್ಲಿ ಚರಗ ಚೆಲ್ಲುತ್ತಿರುತ್ತಾರೆ, ಮಿಲ್ಲಿಗೆ ಬೀಗ. ಹಾಗಂತ ಆ ದಿನ ಟೆಂಟ್ ಬೇಡ ಅಂತ ಹೇಳುತ್ತಿಲ್ಲ. ಗುರುತಿನವರ ಹೊಲ ಇದ್ದರೆ ಭಜ್ಜಿ, ಸಜ್ಜಿ ರೊಟ್ಟಿ, ಕಡುಬಿನ ಊಟ ಬಿಟ್ಟು ಫ್ಯಾಕ್ಟರಿ ಯಾರಿಗೆ ಬೇಕು?

ಇನ್ನು ಒಳಗೆ ಬಿಡುತ್ತಾರಾ ಅನ್ನುವ ಪ್ರಶ್ನೆ. ಪಾಲಿಟೆಕ್ನಿಕ್ ಹುಡುಗರನ್ನು ಫ್ಯಾಕ್ಟರಿಗಳಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸದ ಒಂದು ಭಾಗ. ಆ ಅನುಭವದ ಮೇಲೆ ನೇರವಾಗಿ ಹೇಳುತ್ತೇನೆ: ಮಕ್ಕಳ ಜೊತೆ ಹೋಗುವವರು ದೊಡ್ಡ ಫ್ಯಾಕ್ಟರಿಯನ್ನು ಹೊರಗಿನಿಂದ ನೋಡಬೇಕು, ಸಣ್ಣ ಫ್ಯಾಕ್ಟರಿಯನ್ನು ಒಳಗಿನಿಂದ ನೋಡಬೇಕು. ದೊಡ್ಡ ಸಿಮೆಂಟ್ ಕಂಪನಿಯ ಗೇಟಿನಲ್ಲಿ ಸೆಕ್ಯುರಿಟಿಯವರು ನಿಮ್ಮನ್ನು ನೋಡಿ ನಕ್ಕು ವಾಪಸ್ ಕಳಿಸುತ್ತಾರೆ. ಅವರ ತಪ್ಪಲ್ಲ. ಒಳಗೆ ಲಾರಿಗಳು, ಬೆಲ್ಟುಗಳು, ಬೆಂಕಿ. ಕಾಲೇಜಿನ ಪತ್ರ, ಹೆಸರುಗಳ ಪಟ್ಟಿ, ಹೆಲ್ಮೆಟ್ಟು, ಬೂಟು, ಅರ್ಧ ಗಂಟೆ ಸುರಕ್ಷತೆಯ ಪಾಠ ಎಲ್ಲ ಆದ ಮೇಲೇ ನಮ್ಮ ಹುಡುಗರಿಗೂ ಪ್ರವೇಶ. ಬಿಟ್ಟರೂ ಏನು ಕಾಣುತ್ತದೆ? ಎಲ್ಲವೂ ಕೊಳವೆಯೊಳಗೆ, ಡ್ರಮ್ಮಿನೊಳಗೆ ನಡೆಯುತ್ತದೆ. ಕಂಟ್ರೋಲ್ ರೂಮಿನಲ್ಲಿ ನಾಲ್ಕು ಜನ ಕಂಪ್ಯೂಟರ್ ನೋಡುತ್ತ ಕೂತಿರುತ್ತಾರೆ. ನಾಲ್ಕನೇ ಕ್ಲಾಸಿನ ಹುಡುಗ ಹತ್ತು ನಿಮಿಷಕ್ಕೆ ಆಕಳಿಸುತ್ತಾನೆ. ದಾಲ್ ಮಿಲ್ಲಿನಲ್ಲಿ ಹಾಗಲ್ಲ. ಈ ಕಡೆ ತೊಗರಿ ಹೋಗುತ್ತದೆ, ಆ ಕಡೆ ಬೇಳೆ ಬರುತ್ತದೆ, ನಡುವೆ ಆಗುವುದೆಲ್ಲ ಕಣ್ಣೆದುರಿಗೇ.

ಅದಕ್ಕೆ ದಾಲ್ ಮಿಲ್ಲಿನಿಂದಲೇ ಶುರು ಮಾಡಿ. ಕಲಬುರಗಿಯಲ್ಲೇ ಇದ್ದೂ ಒಳಗೆ ಹೋಗಿ ನೋಡಿದವರು ಕಡಿಮೆ. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಎಲ್ಲರೂ ಖುಷಿಪಟ್ಟೆವು. ಆದರೆ ಬೇಳೆ ಹೇಗಾಗುತ್ತದೆ ಅಂತ ಕೇಳಿದರೆ "ಒಡೀತಾರ ಅಷ್ಟೇ" ಅನ್ನುತ್ತೇವೆ. ಅಷ್ಟೇ ಅಲ್ಲ.

ನೇರವಾಗಿ ಕಪನೂರು ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿ ಗೇಟು ಬಡಿಯಬೇಡಿ. ಮೊದಲು ಗಂಜಿಗೆ ಹೋಗಿ. ನಿಮ್ಮ ನೆಂಟರಲ್ಲಿ ತೊಗರಿ ಬೆಳೆಯುವವರು ಒಬ್ಬರಾದರೂ ಇರುತ್ತಾರೆ, ಅವರು ಮಾಲು ಹಾಕುವ ಅಡತಿ (ದಲ್ಲಾಳಿ) ಅಂಗಡಿ ಯಾವುದು ಅಂತ ಕೇಳಿ. ಆ ಅಡತಿಯವರು ಒಂದು ಫೋನ್ ಮಾಡಿದರೆ ಸಾಕು, ಮಿಲ್ಲಿನ ಬಾಗಿಲು ತೆರೆಯುತ್ತದೆ. ಅದಕ್ಕೂ ಮೊದಲು ಅಲ್ಲೇ ಸ್ವಲ್ಪ ಹೊತ್ತು ನಿಂತು ಸವಾಲು (ಹರಾಜು) ನೋಡಿ. ಖರೀದಿದಾರರು ಒಂದು ಹಿಡಿ ತೊಗರಿ ಕೈಗೆ ತೆಗೆದುಕೊಂಡು, ನಾಲ್ಕು ಕಾಳು ಹಲ್ಲಿಗೆ ಹಾಕಿ ಕಚ್ಚಿ, ಹಸಿ ಎಷ್ಟಿದೆ ಅಂತ ಹೇಳಿಬಿಡುತ್ತಾರೆ. ಮಕ್ಕಳಿಗೂ ನಾಲ್ಕು ಕಾಳು ಕೇಳಿ ಇಸಿದುಕೊಡಿ. ಚೆನ್ನಾಗಿ ಒಣಗಿದ ಕಾಳು ಕಟ್ ಅನ್ನುತ್ತದೆ, ಹಸಿ ಇದ್ದರೆ ಮೆತ್ತಗೆ ಹಲ್ಲಿಗೆ ಅಂಟುತ್ತದೆ.

ಮಿಲ್ಲಿನಲ್ಲಿ ಮೊದಲು ಜರಡಿ. ಮಣ್ಣು, ಕಡ್ಡಿ, ಕಲ್ಲು ಹೋಗಿ, ಕಾಳು ಗಾತ್ರದ ಪ್ರಕಾರ ಬೇರೆಯಾಗುತ್ತದೆ. ಗಾತ್ರ ಯಾಕೆ ಮುಖ್ಯ ಅಂದರೆ ಮುಂದಿನ ಯಂತ್ರಕ್ಕೆ ದೊಡ್ಡ ಕಾಳು, ಸಣ್ಣ ಕಾಳು ಒಟ್ಟಿಗೆ ಹಾಕಿದರೆ ದೊಡ್ಡದು ಪುಡಿಯಾಗುತ್ತದೆ, ಸಣ್ಣದು ಸಿಪ್ಪೆ ಸಮೇತ ಹಾಗೇ ಪಾರಾಗುತ್ತದೆ. ಆ ಮುಂದಿನ ಯಂತ್ರವೇ ಎಮರಿ ರೋಲರ್. ಉಪ್ಪುಕಾಗದದಂಥ ಒರಟು ಮೈಯ ಉರುಳೆ. ಅದರಲ್ಲಿ ಕಾಳಿನ ಸಿಪ್ಪೆ ಅಲ್ಲಲ್ಲಿ ಗೀರಿ ಬಾಯಿ ಬಿಡುತ್ತದೆ. ಆಮೇಲೆ ಎಣ್ಣೆ ಹಚ್ಚುತ್ತಾರೆ. ತೊಗರಿಯ ಸಿಪ್ಪೆ ಕಡಲೆಯಂತೆ ಸುಲಭವಾಗಿ ಬಿಡುವುದಿಲ್ಲ. ಸಿಪ್ಪೆಗೂ ಬೇಳೆಗೂ ನಡುವೆ ಗೋಂದಿನಂಥ ಪದರ ಇದೆ. ಗೀರಿದ ಕಡೆಯಿಂದ ಎಣ್ಣೆ ಇಳಿದು ಆ ಹಿಡಿತ ಸಡಿಲ ಮಾಡುತ್ತದೆ. ರಾಶಿ ಹಾಕಿ ನೆನೆಯಲು ಬಿಟ್ಟು, ಅಂಗಳದಲ್ಲಿ ಬಿಸಿಲಿಗೆ ಹರವುತ್ತಾರೆ. ಮತ್ತೆ ನೀರು ಚಿಮುಕಿಸಿ, ಮತ್ತೆ ಒಣಗಿಸಿ, ಮತ್ತೆ ಉರುಳೆಗೆ. ಸಿಪ್ಪೆ ಹೋದ ಇಡೀ ಕಾಳಿಗೆ ಗೋಟಾ ಅಂತಾರೆ. ಗೋಟಾ ಒಡೆದರೆ ಬೇಳೆ.

ಮಕ್ಕಳು ಜಾಸ್ತಿ ಹೊತ್ತು ನಿಲ್ಲುವುದು ಕೊನೆಯ ಯಂತ್ರದ ಮುಂದೆ. ಅದಕ್ಕೆ ಎಲ್ಲರೂ ಸಾರ್ಟೆಕ್ಸ್ ಅನ್ನುತ್ತಾರೆ. ಬೇಳೆ ಜಲಪಾತದಂತೆ ಮೇಲಿನಿಂದ ಸುರಿಯುತ್ತಿರುತ್ತದೆ. ಕ್ಯಾಮೆರಾ ಪ್ರತಿ ಬೇಳೆಯ ಬಣ್ಣ ನೋಡುತ್ತದೆ. ಕಪ್ಪು ಚುಕ್ಕೆ ಇದ್ದದ್ದು ಕಂಡರೆ ಅಲ್ಲೇ ಒಂದು ಸಣ್ಣ ಗಾಳಿಯ ಏಟು, ಆ ಬೇಳೆ ಮಾತ್ರ ಪಕ್ಕಕ್ಕೆ ಹಾರುತ್ತದೆ. ಟಕಟಕ ಅಂತ ಸದ್ದು ಕೇಳುತ್ತಲೇ ಇರುತ್ತದೆ. ಹಿಂದೆ ಈ ಕೆಲಸಕ್ಕೆ ಹೆಣ್ಣುಮಕ್ಕಳು ಸಾಲಾಗಿ ಕೂತು ಕೈಯಲ್ಲಿ ಆರಿಸುತ್ತಿದ್ದರು. ಕೆಲವು ಸಣ್ಣ ಮಿಲ್ಲುಗಳಲ್ಲಿ ಈಗಲೂ ಕಾಣುತ್ತಾರೆ. ಅವರ ಹತ್ತಿರ ಮಾತಾಡಲು ಮಗಳಿಗೆ ಹೇಳಿ. ಮಾಲೀಕರಿಗಿಂತ ಅವರು ಚೆನ್ನಾಗಿ ವಿವರಿಸುತ್ತಾರೆ.

ಒಂದು ಪ್ರಶ್ನೆ ಖಂಡಿತ ಕೇಳಿಸಿ: "ಒಂದು ಕ್ವಿಂಟಲ್ ತೊಗರಿಗೆ ಬೇಳೆ ಎಷ್ಟು ಬರ್ತದ್ರಿ?" ಎಪ್ಪತ್ತು, ಎಪ್ಪತ್ತೈದು ಕಿಲೋ ಅನ್ನುತ್ತಾರೆ. ಉಳಿದದ್ದು ಎಲ್ಲಿ ಹೋಯಿತು ಅಂತ ಹುಡುಕುವುದೇ ಆಟ. ಹೊಟ್ಟು, ಚುನ್ನಿ, ನುಚ್ಚು ಅಂತ ಬೇರೆ ಬೇರೆ ಚೀಲ ತೋರಿಸುತ್ತಾರೆ. ಅದು ದನದ ಮೇವಾಗಿ ಮತ್ತೆ ಹಳ್ಳಿಗೇ ವಾಪಸ್. ಮಿಲ್ಲಿನಲ್ಲಿ ಎಸೆಯುವುದು ಧೂಳೊಂದನ್ನೇ. ಆ ಧೂಳು ಮಾತ್ರ ಸಣ್ಣದಲ್ಲ. ಮಕ್ಕಳಿಗೆ ಉಬ್ಬಸ ಇದ್ದರೆ ಅಂಗಳದಿಂದಲೇ ನೋಡಲಿ. ಎಲ್ಲರಿಗೂ ಮಾಸ್ಕ್ ಇರಲಿ. ತೊಗರಿ ರಾಶಿಯ ಮೇಲೆ ಹತ್ತಿ ಆಡಲು ಬಿಡಬೇಡಿ. ಕೆಳಗಿನಿಂದ ಕಾಳು ಎಳೆಯುತ್ತಿದ್ದರೆ ಮೇಲಿದ್ದವರು ಒಳಗೆ ಜಾರುತ್ತಾರೆ. ದುಪಟ್ಟಾ, ಸೆರಗು, ಬಿಚ್ಚಿದ ಜಡೆ ಬೆಲ್ಟಿನ ಹತ್ತಿರ ಬೇಡವೇ ಬೇಡ.

ಈಗ ಸಿಮೆಂಟ್. ಇದಕ್ಕೆ ಮಳಖೇಡಕ್ಕೆ ಹೋಗಿ. ಕಲಬುರಗಿಯಿಂದ ಸುಮಾರು 40 ಕಿ.ಮೀ. ಕೋಟೆ ನೋಡಿದ್ದೇವೆ ಅಂತೀರಿ, ಇನ್ನೊಮ್ಮೆ ಹೋಗಿ. ಈ ಸಲ ರಾಷ್ಟ್ರಕೂಟರಿಗಾಗಿ ಅಲ್ಲ, ಗೋಡೆಯ ಕಲ್ಲಿಗಾಗಿ. ಕಾಗಿಣಾ ದಂಡೆಯ ಆ ಗೋಡೆಯಲ್ಲಿ ಕೂಡಿಸಿರುವುದು ಇಲ್ಲಿಯ ಸುಣ್ಣದ ಕಲ್ಲೇ. ಅಲ್ಲಿಂದ ದೂರಕ್ಕೆ ನೋಡಿದರೆ ಸಿಮೆಂಟ್ ಫ್ಯಾಕ್ಟರಿಯ ಎತ್ತರದ ಗೋಪುರ ಕಾಣುತ್ತದೆ. ಒಳಗೆ ಹೋಗುವುದೂ ಇದೇ ಜಾತಿಯ ಕಲ್ಲು. ಮಳಖೇಡ, ಸೇಡಂ, ವಾಡಿ, ಚಿತ್ತಾಪುರ, ಚಿಂಚೋಳಿ ಕಡೆ ಇಷ್ಟು ಸಿಮೆಂಟ್ ಫ್ಯಾಕ್ಟರಿಗಳು ಬಂದು ಕೂತದ್ದು ಭೀಮಾ ಕಣಿವೆಯ ಈ ಕಲ್ಲಿನ ಹಾಸಿಗಾಗಿ. ಒಂದು ಟನ್ ಕ್ಲಿಂಕರ್‌ಗೆ (ಅರೆದು ಸಿಮೆಂಟ್ ಮಾಡುವ ಸುಟ್ಟ ಗೋಲಿಗಳಿಗೆ) ಒಂದೂವರೆ ಟನ್‌ನಷ್ಟು ಸುಣ್ಣದ ಕಲ್ಲು ಬೇಕು. ಅಷ್ಟು ಭಾರ ದೂರ ಹೊತ್ತುಕೊಂಡು ಹೋಗುವುದು ಯಾರಿಗೂ ಗಿಟ್ಟುವುದಿಲ್ಲ, ಅದಕ್ಕೆ ಕಲ್ಲು ಇರುವ ಕಡೆಗೇ ಫ್ಯಾಕ್ಟರಿ ಬರುತ್ತದೆ.

ಹೊರಗಿನಿಂದ ಏನು ತೋರಿಸಬೇಕು? ಆ ಎತ್ತರದ ಗೋಪುರ ಚಿಮಣಿ ಅಲ್ಲ ಅಂತ ಮೊದಲು ಹೇಳಿ. ಅದು ಪ್ರೀಹೀಟರ್. ಕಲ್ಲಿನ ಹಿಟ್ಟು ಮೇಲಿನಿಂದ ಇಳಿಯುತ್ತದೆ, ಕೆಳಗಿನ ಕುಲುಮೆಯ ಬಿಸಿಗಾಳಿ ಮೇಲಕ್ಕೆ ಏರುತ್ತದೆ. ಎರಡೂ ದಾರಿಯಲ್ಲಿ ಸಿಕ್ಕು ಹಿಟ್ಟು ಕಾಯುತ್ತದೆ. ಕೆಳಗೆ ಸ್ವಲ್ಪ ವಾಲಿಕೊಂಡು ಮಲಗಿರುವ ಉದ್ದನೆಯ ಕೊಳವೆಯೇ ಕುಲುಮೆ, ಕಿಲ್ನ್ ಅಂತಾರೆ. ಅದು ನಿಧಾನವಾಗಿ ತಿರುಗುತ್ತಲೇ ಇರುತ್ತದೆ. ಒಳಗೆ ಸುಮಾರು 1450 ಡಿಗ್ರಿಯಲ್ಲಿ ಹಿಟ್ಟು ಬೆಂದು ಕ್ಲಿಂಕರ್ ಎಂಬ ಗೋಲಿಗಳಾಗುತ್ತದೆ. ಅದಕ್ಕೆ ಸ್ವಲ್ಪ ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟ್. ಜಿಪ್ಸಂ ಇಲ್ಲದಿದ್ದರೆ ನೀರು ಹಾಕಿದ ಕೂಡಲೇ ಗಟ್ಟಿಯಾಗಿ ಮೇಸ್ತ್ರಿಯ ಕರಣೆಗೇ ಅಂಟಿಕೊಳ್ಳುತ್ತದೆ. ಮಗಳಿಗೆ ಇನ್ನೊಂದು ಲೆಕ್ಕ ಕೊಡಿ. 100 ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 56 ಕಿಲೋ ಸುಣ್ಣ ಉಳಿಯುತ್ತದೆ, 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಇದು ಕಲ್ಲಿದ್ದಲಿನ ಹೊಗೆಯ ಲೆಕ್ಕ ಅಲ್ಲ, ಕಲ್ಲಿನೊಳಗೇ ಇದ್ದದ್ದು. ಫ್ಯಾಕ್ಟರಿ ಎಷ್ಟೇ ಸ್ವಚ್ಛವಾಗಿದ್ದರೂ ಇದು ತಪ್ಪುವುದಿಲ್ಲ. ಎಂಟನೇ ಕ್ಲಾಸಿನವರಿಗೆ ಇಷ್ಟು ಅರ್ಥವಾಗುತ್ತದೆ.

ಕಲ್ಲಿನ ಗಣಿ ನೋಡಬಹುದಾ ಅಂತ ನೀವು ಕೇಳಿಲ್ಲ, ಆದರೆ ದಾರಿಯಲ್ಲಿ ಕಂಡ ಮೇಲೆ ಮಕ್ಕಳು ಕೇಳುತ್ತಾರೆ. ಆಗುವುದಿಲ್ಲ. ಗಣಿ ಕೆಲಸ ನಡೆಯುವ ಜಾಗದಲ್ಲಿ 18 ವರ್ಷದೊಳಗಿನವರು ಇರಲೇಬಾರದು ಅಂತ 1952ರ ಗಣಿ ಕಾಯ್ದೆಯಲ್ಲೇ ಇತ್ತು. ಯಾರೋ ಗುರುತಿನವರು "ಬರ್ರಿ, ಏನೂ ಆಗಲ್ಲ" ಅಂದರೂ ಹೋಗಬೇಡಿ. ಬಿಟ್ಟುಹೋದ ಗಣಿಗಳು ಇನ್ನೂ ಅಪಾಯ. ನೀರು ನಿಂತು ಕೆರೆಯಂತೆ ಚೆಂದ ಕಾಣುತ್ತವೆ, ಆದರೆ ಅಂಚು ನೇರವಾಗಿ ಆಳಕ್ಕೆ ಇಳಿದಿರುತ್ತದೆ. ಅದರ ದಂಡೆಯಲ್ಲಿ ಟೆಂಟ್ ಹಾಕುವವರನ್ನು ನೋಡಿದ್ದೇನೆ, ಎದೆ ಧಸಕ್ ಅಂದಿತ್ತು.

ಗಣಿಯ ಬದಲು ಶಹಾಬಾದಿನ ಪರ್ಸಿ (ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು) ಪಾಲಿಶ್ ಮಾಡುವ ಜಾಗ ನೋಡಿ. ರಸ್ತೆ ಪಕ್ಕದಲ್ಲೇ ಸಾಲು ಸಾಲು ಇವೆ, ಮಾಲೀಕರು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಕೇಳಿದರೆ ಸಾಕು. ಪದರ ಪದರವಾಗಿ ಬಿಡುವುದು ಈ ಕಲ್ಲಿನ ಗುಣ. ಉಳಿ ಇಟ್ಟು ಸರಿಯಾದ ಜಾಗಕ್ಕೆ ಹೊಡೆದರೆ ಚಪ್ಪಡಿ ತಾನೇ ಎದ್ದು ಬರುತ್ತದೆ. ಪಾಲಿಶ್ ಯಂತ್ರದ ಕೆಳಗೆ ನೀರು ಸುರಿಯುತ್ತ ಕಲ್ಲು ಉಜ್ಜುತ್ತಿರುತ್ತಾರೆ, ಬಿಳಿ ಕೆಸರು ಕಾಲುವೆಯಲ್ಲಿ ಹರಿಯುತ್ತಿರುತ್ತದೆ. ಚಪ್ಪಲಿ ಬೇಡ, ಬೂಟು ಹಾಕಿ, ನೆಲ ಜಾರುತ್ತದೆ. ಒಂದು ಒಡೆದ ತುಣುಕು ಕೇಳಿ ಇಸಿದುಕೊಳ್ಳಿ. ರಾತ್ರಿ ಟೆಂಟಿನ ಹತ್ತಿರ ಅದನ್ನು ಸ್ವಲ್ಪ ಕುಟ್ಟಿ ಪುಡಿ ಮಾಡಿ ನಿಂಬೆರಸ ಹಿಂಡಿ. ಸಣ್ಣಗೆ ನೊರೆ ಏಳುತ್ತದೆ. ಕುಲುಮೆಯಲ್ಲಿ ಬೆಂಕಿ ಓಡಿಸುವ ಅದೇ ಗಾಳಿಯನ್ನು ಇಲ್ಲಿ ನಿಂಬೆಹುಳಿ ಓಡಿಸುತ್ತಿದೆ. ಮಗನಿಗೆ ಇಡೀ ಸಿಮೆಂಟ್ ಫ್ಯಾಕ್ಟರಿಗಿಂತ ಇದೇ ನೆನಪಿರುತ್ತದೆ ನೋಡಿ.

ಸಕ್ಕರೆ ಕಾರ್ಖಾನೆಗೆ ಒಳದಾರಿ ಅಂದರೆ ಕಬ್ಬು ಹಾಕುವ ರೈತ. ಅಫಜಲಪುರ ಕಡೆ ಹಾವಳಗಾ, ಆಳಂದ ಕಡೆ ಭೂಸನೂರು, ಜೇವರ್ಗಿ ಕಡೆ ಮಳ್ಳಿ, ಈ ಊರುಗಳಲ್ಲಿ ಕಾರ್ಖಾನೆಗಳಿವೆ. ಅಲ್ಲಿಗೆ ಕಬ್ಬು ಕಳಿಸುವವರು ಯಾರಾದರೂ ಗುರುತಿದ್ದರೆ ಅವರ ಮೂಲಕ ಕಾರ್ಖಾನೆಯ ಫೀಲ್ಡ್‌ಮನ್‌ಗೆ ಹೇಳಿಸಿ. ಗುರುತಿಲ್ಲದಿದ್ದರೆ ಎರಡು ವಾರ ಮೊದಲೇ ಆಫೀಸಿಗೆ ಪತ್ರ ಬರೆಯಿರಿ. ಒಳಗೆ ಬಿಟ್ಟರೆ ತೂಕದ ಕಟ್ಟೆ, ಕಬ್ಬು ಬೀಳುವ ಜಾಗ, ಹಿಂಡುವ ಗಾಣಗಳ ಸಾಲು, ಕೊನೆಗೆ ಸಕ್ಕರೆ ತಿರುಗಿಸಿ ಕಾಕಂಬಿ ಬೇರೆ ಮಾಡುವ ಯಂತ್ರ, ಇಷ್ಟು ನೋಡಿದರೆ ಸಾಕು. ಹಿಂಡಿದ ಸಿಪ್ಪೆಯನ್ನೇ ಬಾಯ್ಲರಿಗೆ ಹಾಕಿ ಉಗಿ ಮಾಡಿ, ಆ ಉಗಿಯಲ್ಲೇ ಕಾರ್ಖಾನೆ ನಡೆಯುತ್ತದೆ, ಕರೆಂಟೂ ತಯಾರಾಗುತ್ತದೆ. ಬಿಳಿ ಬಣ್ಣ ಬರಲು ರಸಕ್ಕೆ ಸುಣ್ಣ ಮತ್ತು ಗಂಧಕದ ಹೊಗೆ ಹಾಯಿಸುತ್ತಾರೆ ಅಂತ ಕೇಳಿ ಮಕ್ಕಳು ಕಣ್ಣು ಬಿಡುತ್ತಾರೆ. ನೂರು ಕಿಲೋ ಕಬ್ಬಿಗೆ ಸಕ್ಕರೆ ಸುಮಾರು ಹತ್ತು ಕಿಲೋ.

ನನ್ನನ್ನು ಕೇಳಿದರೆ ಇದಕ್ಕಿಂತ ಬೆಲ್ಲದ ಗಾಣ ಒಳ್ಳೆಯದು. ಬೀದರ್ ಜಿಲ್ಲೆಯ ಕಬ್ಬಿನ ಹಳ್ಳಿಗಳಲ್ಲಿ ವಿಚಾರಿಸಿದರೆ ಸಿಗುತ್ತದೆ. ಅಲ್ಲಿ ಗೇಟಿಲ್ಲ, ಪತ್ರ ಬೇಕಿಲ್ಲ. ಒಂದೇ ಕಡೆ ನಿಂತು ಕಬ್ಬಿನಿಂದ ಬೆಲ್ಲದವರೆಗೆ ನೋಡಬಹುದು. ಕುದಿಯುವ ಕಡಾಯಿಯಿಂದ ಮಾತ್ರ ಮಕ್ಕಳನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ. ಮಗನ ಕೈ ಹಿಡಿದುಕೊಂಡೇ ಇರಿ. ಪಾಕ ಚರ್ಮಕ್ಕೆ ಬಿದ್ದರೆ ನೀರಿನಂತೆ ಜಾರಿ ಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ.

ಕಬ್ಬಿನ ಹಂಗಾಮಿನಲ್ಲಿ ಕತ್ತಲಾದ ಮೇಲೆ ಕಾರು ಓಡಿಸಬೇಡಿ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಹಿಂದೆ ಲೈಟಿಲ್ಲ, ಮುಂದೆ ಜೋರು ಹಾಡು. ಅವರಿಗೆ ನೀವು ಹಾರ್ನ್ ಹೊಡೆದದ್ದು ಕೇಳುವುದಿಲ್ಲ, ನಿಮಗೆ ಅವರು ಕಾಣುವುದಿಲ್ಲ. ಸಂಜೆ ಐದಕ್ಕೆ ಟೆಂಟ್ ಹಾಕುವ ಜಾಗ ಸೇರಿಕೊಂಡಿರಬೇಕು.

ಬೀದರಿಗೆ ಒಂದು ಇಡೀ ದಿನ ಇಡಿ. ಅಲ್ಲಿ ನೋಡಬೇಕಾದ್ದು ಬಿದ್ರಿ. ಅದನ್ನು ಫ್ಯಾಕ್ಟರಿ ಅನ್ನುತ್ತೀರಾ ಅಂತ ಕೇಳಬಹುದು. ಲೋಹ ಕರಗಿಸುವುದು, ಅಚ್ಚು ಹಾಕುವುದು, ಕೆತ್ತುವುದು, ಪಾಲಿಶ್, ಎಲ್ಲ ವಿಭಾಗವೂ ಇದೆ. ಎಲ್ಲವೂ ನಾಲ್ಕು ಕೋಣೆಯೊಳಗೆ ಇದೆ ಅಷ್ಟೇ. ಮಹಮೂದ್ ಗವಾನ್ ಮದರಸಾದ ಹತ್ತಿರ, ಚೌಬಾರಾ ಕಡೆ ಹೋಗುವ ದಾರಿಯಲ್ಲಿ ಅಂಗಡಿಗಳಿವೆ. ಅಂಗಡಿಯ ಹಿಂದೆಯೇ ಕೆಲಸ ನಡೆಯುವ ಜಾಗಗಳೂ ಇವೆ. ಮಧ್ಯಾಹ್ನದ ಊಟದ ಹೊತ್ತು, ಶುಕ್ರವಾರದ ನಮಾಜಿನ ಹೊತ್ತು ಬಿಟ್ಟು ಹೋಗಿ. ಈ ಕಲೆಯ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಅದನ್ನು ಮಕ್ಕಳಿಗೆ ದಾರಿಯಲ್ಲೇ ಹೇಳಿರಿ.

ಸತು ಜಾಸ್ತಿ, ತಾಮ್ರ ಸ್ವಲ್ಪ, ಇವೆರಡನ್ನು ಕರಗಿಸಿ ಮರಳಿನ ಅಚ್ಚಿಗೆ ಹುಯ್ಯುತ್ತಾರೆ. ಹೊರಬಂದದ್ದನ್ನು ಅರದಿಂದ ಉಜ್ಜಿ ನುಣುಪು ಮಾಡಿ ಮೈಲುತುತ್ತದ ನೀರು ಬಳಿದರೆ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಇದು ಸ್ಲೇಟಿನಂತೆ, ಮೇಲೆ ಚಿತ್ರ ಗೀಚಲು. ನಂತರ ಸಣ್ಣ ಉಳಿಯಿಂದ ಗೆರೆ ಕೊರೆಯುತ್ತಾರೆ. ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಗೋಂದಿಲ್ಲ, ಬೆಸುಗೆ ಇಲ್ಲ, ಬಡಿತದಲ್ಲೇ ಹಿಡಿಯಬೇಕು. ಮತ್ತೆ ಉಜ್ಜಿದ ಮೇಲೆ ಇಡೀ ವಸ್ತು ಬೆಳ್ಳಗಾಗುತ್ತದೆ, ಚಿತ್ರವೇ ಕಾಣುವುದಿಲ್ಲ. ಇಲ್ಲಿ ಮಕ್ಕಳಿಗೆ "ಈಗೇನು ಮಾಡ್ತಾರೆ?" ಅಂತ ಕೇಳಿ ನಿಲ್ಲಿಸಿ. ಬೀದರ್ ಕೋಟೆಯ ಹಳೆಯ ಜಾಗದ ಮಣ್ಣು ಮತ್ತು ನವಸಾಗರ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಹಚ್ಚುತ್ತಾರೆ. ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಎಲ್ಲ ಮಣ್ಣಿಗೂ ಈ ಗುಣ ಇಲ್ಲ. ಬಿಸಿಲು ಮಳೆ ತಾಗದ ಮೂಲೆಯ ಮಣ್ಣು ಬೇಕು, ಕುಶಲಕರ್ಮಿಗಳು ನಾಲಿಗೆಗೆ ಇಟ್ಟು ರುಚಿ ನೋಡಿ ಆರಿಸುತ್ತಾರೆ. ಗಂಜಿನಲ್ಲಿ ತೊಗರಿ ಕಚ್ಚಿ ನೋಡಿದವರನ್ನು ಮಕ್ಕಳು ಇಲ್ಲಿ ತಾವೇ ನೆನೆಸಿಕೊಳ್ಳುತ್ತಾರೆ.

ಎಲ್ಲ ಹಂತವೂ ಒಂದೇ ದಿನ, ಒಂದೇ ಮನೆಯಲ್ಲಿ ಸಿಗಲಿಕ್ಕಿಲ್ಲ. ಎರಕ ಒಬ್ಬರ ಕೆಲಸ, ಕೆತ್ತನೆ ಇನ್ನೊಬ್ಬರದ್ದು. ಕಪ್ಪು ಮಾಡುವುದು ಯಾವಾಗ ಅಂತ ಬೆಳಿಗ್ಗೆಯೇ ಕೇಳಿಟ್ಟುಕೊಂಡು ಆ ಹೊತ್ತಿಗೆ ವಾಪಸ್ ಹೋಗಿ. ನೋಡಿದ ಮೇಲೆ ಏನಾದರೂ ಕೊಳ್ಳಿ, ಉಂಗುರವೋ ಕೀ ಚೈನೋ ಸಾಕು. ಚೌಕಾಸಿ ಮಾಡಲು ಮನಸ್ಸು ಬರುವುದಿಲ್ಲ, ಕೆಲಸ ನೋಡಿದ್ದೀರಲ್ಲ.

ಯಾದಗಿರಿ ಕಡೆ ಈ ಸಲ ಬೇಡ ಅನ್ನುತ್ತೇನೆ. ಕಡೇಚೂರಿನ ರೈಲ್ವೆ ಬೋಗಿ ಫ್ಯಾಕ್ಟರಿ, ಔಷಧ ಕಂಪನಿಗಳು ಕುಟುಂಬ ಸಮೇತ ಹೋಗುವ ಜಾಗಗಳಲ್ಲ. ಶಹಾಪುರ ಕಡೆ ಹತ್ತಿ ಜಿನ್ನಿಂಗ್ ಮಿಲ್ ಇವೆ, ನೋಡಲು ಚೆಂದ. ಆದರೆ ಗಾಳಿಯ ತುಂಬ ನಾರು, ಒಂದು ಕಿಡಿ ಬಿದ್ದರೆ ಕಥೆ ಮುಗಿಯಿತು. ಮಕ್ಕಳು ದೊಡ್ಡವರಾದ ಮೇಲೆ ಹೋಗಿ. ನಾಲ್ಕು ದಿನದಲ್ಲಿ ಮೂರು ಜಿಲ್ಲೆ ಅಂದರೆ ಕಾರಿನಲ್ಲೇ ರಜೆ ಕಳೆದಂತೆ.

ಟೆಂಟಿನ ವಿಷಯ. ನಮ್ಮ ಕಡೆ ಟೆಂಟಿಗೆಂದೇ ಮಾಡಿದ ಜಾಗ ಕಡಿಮೆ, ಹಾಗಾಗಿ ಪ್ರತಿ ಸಲ ಯಾರನ್ನಾದರೂ ಕೇಳಲೇಬೇಕು. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ಸುತ್ತ ಎಲ್ಲರಿಗೂ ಟೆಂಟ್ ಹಾಕುವ ಆಸೆ. ಅದು 2011ರಿಂದ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಚಿಂಚೋಳಿಯ ವಲಯ ಅರಣ್ಯ ಅಧಿಕಾರಿ ಕಚೇರಿಗೆ ಮೊದಲೇ ಹೋಗಿ ಕೇಳಿ, ಅವರು ತೋರಿಸಿದ ಜಾಗದಲ್ಲಿ ಮಾತ್ರ ಇರಿ. ಬೀದರಿನಲ್ಲಿ ವಿಲಾಸಪುರ ಕೆರೆಯ ಹತ್ತಿರ ಜಂಗಲ್ ಲಾಡ್ಜಸ್‌ನ ರೆಸಾರ್ಟ್ ಇದೆ. ಮೂರನೇ ರಾತ್ರಿ ಎಲ್ಲರಿಗೂ ಬಿಸಿನೀರಿನ ಸ್ನಾನ ಬೇಕು ಅನಿಸುತ್ತದೆ, ಆಗ ಟೆಂಟ್ ಬಿಚ್ಚದೆ ಅಲ್ಲಿ ಕೋಣೆ ಹಿಡಿಯಿರಿ.

ಉಳಿದಂತೆ ಗುರುತಿನವರ ಹೊಲ ಎಲ್ಲಕ್ಕಿಂತ ಒಳ್ಳೆಯದು. ಆದರೆ ತೊಗರಿ ಕೊಯ್ದ ಹೊಲದಲ್ಲಿ ಟೆಂಟ್ ಹಾಕಬೇಡಿ. ಕೂಳೆ ಕೊಯ್ತದಿಂದ ಚೂಪಾಗಿರುತ್ತವೆ, ಟೆಂಟಿನ ತಳವೂ ಹರಿಯುತ್ತದೆ, ಕಾಲಿಗೂ ಚುಚ್ಚುತ್ತದೆ. ರಾಶಿ ಮುಗಿದ ಕಣ ಸಿಕ್ಕರೆ ಸಮತಟ್ಟಾಗಿರುತ್ತದೆ, ಹೊಲದ ಯಜಮಾನರನ್ನು ಕೇಳಿ. ಎರಿ ಭೂಮಿ ಚಳಿಗಾಲದಲ್ಲಿ ಬಿರುಕು ಬಿಟ್ಟಿರುತ್ತದೆ, ಬಿರುಕಿನಲ್ಲಿ ಚೇಳು ಇರಬಹುದು. ಟೆಂಟಿನ ಜಿಪ್ ಯಾವಾಗಲೂ ಮುಚ್ಚಿರಲಿ, ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ. ಶಹಾಬಾದ್, ಚಿತ್ತಾಪುರ ಕಡೆ ಎರಡು ಗೇಣು ಮಣ್ಣು, ಕೆಳಗೆ ಪರ್ಸಿ. ಗೂಟ ಇಳಿಯುವುದೇ ಇಲ್ಲ. ನಾಲ್ಕು ಉದ್ದ ಹಗ್ಗ ಜಾಸ್ತಿ ತೆಗೆದುಕೊಂಡು ಹೋಗಿ, ದೊಡ್ಡ ಕಲ್ಲಿಗೆ ಕಟ್ಟಿ. ಅಡುಗೆಗೆ ಆ ಚಪ್ಪಡಿಗಳನ್ನೇ ಒಲೆ ಮಾಡಬೇಡಿ. ಪದರದಲ್ಲಿ ನೀರು ಕೂತಿದ್ದರೆ ಕಾದು ಸಿಡಿಯುತ್ತದೆ. ಸಣ್ಣ ಗ್ಯಾಸ್ ಒಲೆ ಇರಲಿ. ಸುತ್ತ ಒಣ ತೊಗರಿ ಕಟ್ಟಿಗೆಯ ಬಣವೆ, ಪಕ್ಕದಲ್ಲಿ ಜೋಳ ನಿಂತಿರುವಾಗ ಕ್ಯಾಂಪ್‌ಫೈರ್ ಅಂತ ಮಾತೇ ಎತ್ತಬೇಡಿ. ರೊಟ್ಟಿಯ ಚಿಂತೆ ಇಲ್ಲ. ಹೆಣ್ಣುಮಕ್ಕಳ ಸಂಘದವರು ಮಾಡುವ ಕಡಕ್ ಜೋಳದ ರೊಟ್ಟಿ ಕಲಬುರಗಿಯಲ್ಲೇ ಕಟ್ಟಿಸಿಕೊಂಡರೆ ನಾಲ್ಕು ದಿನಕ್ಕೂ ಕೆಡುವುದಿಲ್ಲ. ಶೇಂಗಾ ಚಟ್ನಿ, ಮೊಸರು ಇದ್ದರೆ ಊಟ ಆಯಿತು.

ನಾನಾದರೆ ಹೀಗೆ ಹೋಗುತ್ತೇನೆ. ಮೊದಲ ದಿನ ಬೆಳಿಗ್ಗೆ ಗಂಜ್, ಹನ್ನೊಂದರ ಹೊತ್ತಿಗೆ ದಾಲ್ ಮಿಲ್, ಏಕೆಂದರೆ ಆಗ ಅಂಗಳದಲ್ಲಿ ತೊಗರಿ ಹರವಿರುತ್ತಾರೆ. ಮಧ್ಯಾಹ್ನ ಶಹಾಬಾದ್, ಅಲ್ಲೇ ಆಸುಪಾಸಿನ ಹೊಲದಲ್ಲಿ ರಾತ್ರಿ. ಎರಡನೇ ದಿನ ಮಳಖೇಡ, ಸೇಡಂ ದಾಟಿ ಚಿಂಚೋಳಿ. ಸೇಡಂನಲ್ಲಿ ಊರ ಮಗ್ಗುಲಲ್ಲೇ ವಾಸವದತ್ತಾ ಸಿಮೆಂಟ್ ಇದೆ, ರಸ್ತೆಯಿಂದಲೇ ಕಿಲ್ನ್ ಹುಡುಕುವ ಆಟ ಆಡಿಸಿ. ಮೂರನೇ ದಿನ ಕಾಡಿನ ಬೆಳಗು ಮುಗಿಸಿ ಬೀದರ್, ದಾರಿಯಲ್ಲಿ ಗಾಣ ಸಿಕ್ಕರೆ ಅಲ್ಲಿ ಒಂದು ಗಂಟೆ. ನಾಲ್ಕನೇ ದಿನ ಪೂರ್ತಿ ಬಿದ್ರಿ, ಕತ್ತಲಾಗುವ ಮೊದಲು ಮುಟ್ಟುವಂತೆ ಹೊರಟು ಕಮಲಾಪುರದ ಮೇಲೆ ಮನೆ. ಅಲ್ಲಿಯ ಕೆಂಪು ಬಾಳೆಹಣ್ಣು ಮರೆಯಬೇಡಿ. ಸಕ್ಕರೆ ಕಾರ್ಖಾನೆಗಳು ಈ ದಾರಿಗೆ ಬರುವುದಿಲ್ಲ. ಅನುಮತಿ ಸಿಕ್ಕರೆ ಇನ್ನೊಂದು 
ಭಾನುವಾರ ಹೋಗಿ ಬನ್ನಿ, ಹಂಗಾಮಿನಲ್ಲಿ ಕಾರ್ಖಾನೆ ಹಗಲು ರಾತ್ರಿ ನಡೆಯುತ್ತದೆ.

ಪತ್ರ ಬರೆಯುವುದಾದರೆ ಅರ್ಧ ಪುಟ ಸಾಕು. ಎಷ್ಟು ಜನ, ಮಕ್ಕಳ ವಯಸ್ಸು, ಯಾವ ದಿನ, ಎಷ್ಟು ಹೊತ್ತು, ನಿಮ್ಮ ಫೋನ್ ನಂಬರ್. "ಫೋಟೋ ತೆಗೆಯುವುದಿಲ್ಲ, ಹೇಳಿದ ಕಡೆ ಮಾತ್ರ ನಿಲ್ಲುತ್ತೇವೆ" ಅಂತ ಒಂದು ಸಾಲು ಸೇರಿಸಿ. ಬಹಳ ಕಡೆ ಅನುಮತಿ ಸಿಗುವುದು ಈ ಸಾಲಿನಿಂದಲೇ. ಮಗಳ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಇದ್ದರೆ ಇನ್ನೂ ಒಳ್ಳೆಯದು. ಒಳಗೆ ಹೋದ ಮೇಲೆ ಮಾಲೀಕರ ಎದುರು ಕೆಲಸಗಾರರ ಕೂಲಿ ಎಷ್ಟು ಅಂತ ಕೇಳಬೇಡಿ, ಇಬ್ಬರಿಗೂ ಮುಜುಗರ. ಹೊರಗೆ ಚಹಾ ಕುಡಿಯುವಾಗ ಅವರೇ ಹೇಳುತ್ತಾರೆ. ಬರುವಾಗ ಐದು ಕಿಲೋ ಬೇಳೆ ಅಲ್ಲೇ ಕೊಂಡುಕೊಳ್ಳಿ.

ಡ್ರೋನ್ ಮನೆಯಲ್ಲೇ ಬಿಡಿ. ಬೀದರಿನಲ್ಲಿ ವಾಯುಪಡೆಯ ನಿಲ್ದಾಣ ಇದೆ, ಚಂದ್ರಂಪಳ್ಳಿ ವನ್ಯಜೀವಿ ಧಾಮ, ಸಿಮೆಂಟ್ ಫ್ಯಾಕ್ಟರಿ ಮೇಲೆ ಹಾರಿಸಿದರೆ ಸೆಕ್ಯುರಿಟಿಯವರು ಜೀಪಿನಲ್ಲಿ ಬರುತ್ತಾರೆ. ನಿಮ್ಮ ದಾರಿಯಲ್ಲಿ ಅದನ್ನು ನಿಶ್ಚಿಂತೆಯಿಂದ ಹಾರಿಸಲು ಜಾಗ ಸಿಗುವುದು ಕಷ್ಟ. ಅದರ ಬದಲು ಒಂದು ಬೈನಾಕ್ಯುಲರ್ ತನ್ನಿ. ಹಗಲು ಪ್ರೀಹೀಟರ್ ಗೋಪುರ ನೋಡಲು, ಸಂಜೆ ಕೆರೆಯ ಹಕ್ಕಿ ನೋಡಲು ಎರಡಕ್ಕೂ ಆಗುತ್ತದೆ.